ಒಂಬತ್ತಕ್ಕೆ ಮೊದಲು ಹದಿನೈದು

ನಮ್ಮ ಆಫೀಸಿನ ಟೆಸ್ಟ್ ಫ್ರೇಮ್‌ವರ್ಕಿನಲ್ಲಿ ಒಂದು ಸಾಲು ಕೋಡ್ ಇತ್ತು. ಯಾವುದೇ ಟೆಸ್ಟ್ ಕೊಟ್ಟ ಸಮಯದೊಳಗೆ ಮುಗಿಯದಿದ್ದರೆ ಅದಕ್ಕೆ ಸಿಗ್‌ಕಿಲ್ ಕಳಿಸು, ಮುಂದಿನ ಟೆಸ್ಟಿಗೆ ಹೋಗು. ಅಷ್ಟೇ. ಅದನ್ನು ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷವಾಯ್ತು. ಪಕ್ಕದಲ್ಲಿ ಅವರದೇ ಕಾಮೆಂಟ್ ಇನ್ನೂ ಇದೆ: 'ಇದು ಯಾವಾಗಲೂ ಕೆಲಸ ಮಾಡುತ್ತೆ.' ನಿಜ, ಮಾಡುತ್ತೆ. ಕೊಡಲಿಯೂ ಯಾವಾಗಲೂ ಕೆಲಸ ಮಾಡುತ್ತೆ.

ಈ ಲೋಕದವರಲ್ಲದ ಓದುಗರಿಗೆ ಎರಡು ಮಾತು. ಲಿನಕ್ಸಿನಲ್ಲಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸೋಕೆ ಸಿಗ್ನಲ್ ಕಳಿಸ್ತೀವಿ. ಪ್ರತಿ ಸಿಗ್ನಲ್ಲಿಗೂ ಒಂದು ನಂಬರ್. 15 ಅಂದರೆ ಸಿಗ್‌ಟರ್ಮ್. 'ಸಾಕು, ಮುಗಿಸು' ಅಂತ ಅರ್ಥ. ಪ್ರೋಗ್ರಾಮು ಅದನ್ನು ಕೇಳಿಸಿಕೊಂಡು, ತೆರೆದಿಟ್ಟದ್ದನ್ನು ಮುಚ್ಚಿ, ಬರೆಯುತ್ತಿದ್ದುದನ್ನು ಡಿಸ್ಕಿಗೆ ಇಳಿಸಿ ಹೊರಡಬಹುದು. 9 ಅಂದರೆ ಸಿಗ್‌ಕಿಲ್. ಅದು ಪ್ರೋಗ್ರಾಮಿನ ಕಿವಿಗೆ ಬೀಳೋದೇ ಇಲ್ಲ. ಹಿಡಿಯೋಕಾಗಲ್ಲ, ತಡೆಯೋಕಾಗಲ್ಲ, ಕೇಳಿಸದ ಹಾಗೆ ಇರೋಕೂ ಆಗಲ್ಲ. ಕರ್ನಲ್ ಸೀದಾ ಮುಗಿಸಿಬಿಡುತ್ತೆ. ಬರೀ 'ಕಿಲ್' ಅಂತ ಟೈಪ್ ಮಾಡಿದರೆ ಹೋಗೋದು 15. 9 ಹೋಗಬೇಕಾದರೆ ನಾವೇ ಬೇಕು ಅಂತ ಬರೀಬೇಕು. ಯಾವುದು ರೂಢಿಯಾಗಿರಬೇಕು ಅಂತ ಯೂನಿಕ್ಸ್ ಕಟ್ಟಿದವರೇ ತೀರ್ಮಾನ ಮಾಡಿಟ್ಟಿದ್ದಾರೆ. ನಮಗೆ ಮಾತ್ರ 'ಕಿಲ್ ಮೈನಸ್ ನೈನ್' ಬೆರಳಿಗೆ ಅಂಟಿಕೊಂಡಿದೆ. ಅದನ್ನು ಟೀಶರ್ಟಿನ ಮೇಲೂ ಹಾಕಿಕೊಂಡು ಓಡಾಡ್ತೀವಿ.

ಕಳೆದ ಮಳೆಗಾಲದಲ್ಲಿ ನಾನು ಹೊನ್ನಾವರದ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಊರಿಗೆ ಊರೇ ಸ್ವಲ್ಪ ನಿಧಾನವಾಗಿರುತ್ತೆ. ನನ್ನ ಲ್ಯಾಪ್‌ಟಾಪು ಹೊನ್ನಾವರದಲ್ಲಿ, ಲ್ಯಾಬು ಬೆಂಗಳೂರಲ್ಲಿ. ನಾವು ಪರೀಕ್ಷಿಸೋದು ಮನೆಗಳಲ್ಲಿ ಗೋಡೆಗೆ ತೂಗುಹಾಕುವ ಸಣ್ಣ ರೌಟರುಗಳನ್ನು. ಒಂದು ಲಿನಕ್ಸ್ ಯಂತ್ರದ ಎರಡು ನೆಟ್‌ವರ್ಕ್ ಕಾರ್ಡುಗಳ ನಡುವೆ ರೌಟರನ್ನು ಕೂರಿಸಿ, ಒಂದು ಕಡೆಯಿಂದ ಡೇಟಾ ತಳ್ಳಿ ಇನ್ನೊಂದು ಕಡೆ ಎಷ್ಟು ಬಂತು ಅಂತ ಅಳೀತೀವಿ. ತಳ್ಳೋದು ಐಪರ್ಫ್3. ದೂರದ, ಕೆಟ್ಟ ಲೈನಿನ ಹಾಗೆ ನಟಿಸೋಕೆ ಕರ್ನಲ್ಲಿನ ನೆಟೆಮ್‌ನಿಂದ 100 ಮಿಲಿಸೆಕೆಂಡ್ ವಿಳಂಬ ಸೇರಿಸ್ತೀವಿ. ಏನೇನು ಹಾದುಹೋಯ್ತು ಅನ್ನೋದಕ್ಕೆ ಸಾಕ್ಷಿಯಾಗಿ ಟಿಸಿಪಿಡಂಪ್ ಪಕ್ಕದಲ್ಲೇ ಪ್ಯಾಕೆಟ್ಟುಗಳನ್ನು ಬರೆದುಕೊಳ್ತಿರುತ್ತೆ. ರಾತ್ರಿ ಹಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ 140 ಟೆಸ್ಟುಗಳ ರಿಪೋರ್ಟ್.

ಒಂದು ಬೆಳಿಗ್ಗೆ ಎದ್ದು ನೋಡಿದರೆ 61 ಟೆಸ್ಟ್ ಕೆಂಪು. ಮರುದಿನ ಹಸಿರು. ಅದರ ಮರುದಿನ ಮತ್ತೆ ಕೆಂಪು, ಈ ಸಲ 58. ಹೀಗೆ ಎರಡು ವಾರ. ಕೆಂಪಾದವುಗಳಲ್ಲಿ ಹೆಚ್ಚಿನವು ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬರೆದವು. ಅವಳು ಕುಮಟಾದವಳು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮೀಟಿಂಗಿನಲ್ಲಿ ನನ್ನನ್ನು 'ಸರ್' ಅಂತಾಳೆ, ಚಾಟ್‌ನಲ್ಲಿ 'ಅಣ್ಣಾ'. ಅವಳ ಟೆಸ್ಟುಗಳು ಪಟ್ಟಿಯಲ್ಲಿ ಕೊನೆಗೆ ಬರ್ತಿದ್ದವು, ಬೇರೆ ತಪ್ಪೇನೂ ಇರಲಿಲ್ಲ. ಆದರೆ ದಿನಾ ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಅವಳ ಹೆಸರು ಬರ್ತಿತ್ತು. 'ಫ್ಲೇಕಿ ಟೆಸ್ಟುಗಳು' ಅನ್ನೋ ಹಣೆಪಟ್ಟಿ ಅಂಟಿತು. ಮೂರನೇ ವಾರ ಅವನ್ನೆಲ್ಲ ತೆಗೆದು ಕ್ವಾರಂಟೈನ್ ಪಟ್ಟಿಗೆ ಹಾಕಿದರು. ಅಂದರೆ ಓಡುತ್ತವೆ, ಆದರೆ ಫಲಿತಾಂಶ ಯಾರೂ ನೋಡೋದಿಲ್ಲ. ಆ ರಾತ್ರಿ ಅವಳ ಮೆಸೇಜು: 'ಅಣ್ಣಾ, ನಂಗೆ ಟೆಸ್ಟ್ ಬರೆಯೋಕೇ ಬರಲ್ವಾ?'

ನಾನು ಅವತ್ತಿಗೂ ಸಮಾಧಾನದ ಎರಡು ಮಾತು ಹೇಳಿ ಮಲಗಿದವನು. ಒಪ್ಪಿಕೊಳ್ತೀನಿ.

ಎರಡು ದಿನ ಬಿಟ್ಟು ನಮ್ಮೂರಲ್ಲಿ ಕರೆಂಟ್ ಹೋಯ್ತು, ಹತ್ತು ನಿಮಿಷಕ್ಕೆ ಬಂತು. ಮೋಡೆಮ್ಮಿನ ಎಲ್ಲ ದೀಪ ಹತ್ತಿದವು, ಆದರೆ ಇಂಟರ್ನೆಟ್ ಇಲ್ಲ. 'ಕರೆಂಟು ಬಂತಲೋ ತಮಾ, ಮತ್ತೆಂತಕ್ಕೆ ಇಲ್ಲೆ?' ಅಂದರು ಅಪ್ಪ. ಲಾಗ್ ನೋಡಿದೆ. ಲಾಗಿನ್ನನ್ನು ಆಚೆಯ ಸರ್ವರು ತಿರಸ್ಕರಿಸ್ತಿತ್ತು, ಈ ಬಳಕೆದಾರ ಆಗಲೇ ಒಳಗಿದ್ದಾನೆ ಅಂತ. ಇಂಥ ಲೈನುಗಳಲ್ಲಿ ಮೋಡೆಮ್ಮು ಪಿಪಿಪಿಓಇ ಅನ್ನೋ ಪ್ರೋಟೋಕಾಲಿನಲ್ಲಿ ಒಂದು ಸೆಷನ್ ತೆರೆಯುತ್ತೆ. ಮುಗಿಸುವಾಗ ಪಿಎಡಿಟಿ ಅಂತ ಒಂದು ಸಣ್ಣ ಪ್ಯಾಕೆಟ್ಟು ಕಳಿಸಿ ಹೋಗ್ತೀನಿ ಅಂತ ಹೇಳಬೇಕು. ಕರೆಂಟ್ ಹೋದ ಮೋಡೆಮ್ಮಿಗೆ ಅದನ್ನು ಹೇಳೋಕೆ ಪುರಸೊತ್ತೆಲ್ಲಿ? ಆಚೆಯವನ ಲೆಕ್ಕದಲ್ಲಿ ಹಳೇ ಸೆಷನ್ ಇನ್ನೂ ಜೀವಂತ. ಅವನು ಕಳಿಸುವ 'ಇದ್ದೀಯಾ?' ಪ್ರಶ್ನೆಗಳಿಗೆ ಉತ್ತರ ಬಾರದೆ, ಕೊನೆಗೆ ಅವನೇ ಕೈಬಿಡುವವರೆಗೆ ನಾವು ಹೊರಗೆ ಕಾಯಬೇಕು. ಜಗುಲಿಯ ಮೇಲೆ ಕೂತು ಕಾಯುವಾಗ ಹೊಳೀತು: ನಮ್ಮ ಲ್ಯಾಬಿನಲ್ಲಿ ರಾತ್ರಿ ಮೂರು ಗಂಟೆಗೆ ನಾವೇ ಕರೆಂಟ್ ತೆಗೀತಿದ್ದೀವಲ್ಲ!

ಹಾಗೇ ಆಗಿತ್ತು. ಪಟ್ಟಿಯ ನಡುವಿನ ಒಂದು ಟೆಸ್ಟು ಕೆಲವು ರಾತ್ರಿ ಸಿಕ್ಕಿಹಾಕಿಕೊಳ್ತಿತ್ತು. ಸಮಯ ಮುಗಿದ ಕೂಡಲೇ ಫ್ರೇಮ್‌ವರ್ಕು ಆ ಟೆಸ್ಟಿನ ಶೆಲ್ ಸ್ಕ್ರಿಪ್ಟಿಗೆ 9 ಹೊಡೀತಿತ್ತು. ಸ್ಕ್ರಿಪ್ಟಿನ ಕೊನೆಯಲ್ಲಿ ಟ್ರ್ಯಾಪ್ ಇತ್ತು. ನೆಟೆಮ್ ತೆಗಿ, ಐಪರ್ಫ್3 ಸರ್ವರ್ ನಿಲ್ಲಿಸು ಅಂತೆಲ್ಲ ನೀಟಾಗಿ ಬರೆದಿತ್ತು. 9 ಬಿದ್ದ ಮೇಲೆ ಟ್ರ್ಯಾಪ್ ಓಡೋದಿಲ್ಲ. ಸತ್ತದ್ದು ಸ್ಕ್ರಿಪ್ಟ್ ಮಾತ್ರ. ಅದು ಹಿನ್ನೆಲೆಯಲ್ಲಿ ಹುಟ್ಟಿಸಿದ ಐಪರ್ಫ್3 ಸರ್ವರು ಅನಾಥವಾಗಿ, ಪಿಐಡಿ 1ರ ಮಡಿಲಿಗೆ ಬಿದ್ದು, 5201ನೇ ಪೋರ್ಟ್ ಹಿಡಿದುಕೊಂಡು ಕೂತಿತು. ಮುಂದಿನ ಟೆಸ್ಟ್ ಬಂದು ಅದೇ ಪೋರ್ಟ್ ಕೇಳಿದರೆ 'ಅಡ್ರೆಸ್ ಆಲ್ರೆಡಿ ಇನ್ ಯೂಸ್'. ಪೋರ್ಟ್ ಬೇಡದ ಟೆಸ್ಟುಗಳಿಗೆ ಬೇರೆ ಗ್ರಹಚಾರ. ಹಿಂದಿನವನು ಹಾಕಿದ 100 ಮಿಲಿಸೆಕೆಂಡ್ ವಿಳಂಬ ಕಾರ್ಡಿನ ಮೇಲೆ ಹಾಗೇ ಇತ್ತು. 'ಪಿಂಗ್ 5 ಮಿಲಿಸೆಕೆಂಡಿನೊಳಗೆ ಬರಬೇಕು' ಅಂತ ಬರೆದ ಹುಡುಗಿಯ ಟೆಸ್ಟು ಪ್ರಾಮಾಣಿಕವಾಗಿ ಫೇಲ್ ಆಯ್ತು. ಅದು ಅಳೆದದ್ದು ಸರಿಯಾಗೇ ಇತ್ತು.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು, ಯಾಕಂದರೆ ಬುದ್ಧಿವಂತರು ತಕ್ಷಣ ಹೇಳ್ತಾರೆ: ಪ್ರಾಸೆಸ್ ಸತ್ತರೆ ಕರ್ನಲ್ಲೇ ಎಲ್ಲ ಗುಡಿಸುತ್ತಲ್ಲ ಅಂತ. ಗುಡಿಸುತ್ತೆ, ತನ್ನ ಅಂಗಳವನ್ನು. ಮೆಮೊರಿ ವಾಪಸ್ ತಗೊಳ್ಳುತ್ತೆ, ತೆರೆದ ಫೈಲು, ಸಾಕೆಟ್ಟು ಮುಚ್ಚುತ್ತೆ. ಆದರೆ ಪ್ರಾಸೆಸ್ಸು ಹೊರಗಿನ ಜಗತ್ತಿನಲ್ಲಿ ಮಾಡಿಟ್ಟದ್ದು? ನೆಟೆಮ್ ನಿಯಮ, ಐಪಿಟೇಬಲ್ಸ್ ಸಾಲು, ಹೆಸರಿಟ್ಟು ಕಟ್ಟಿದ ನೆಟ್‌ವರ್ಕ್ ನೇಮ್‌ಸ್ಪೇಸ್, ಲಾಕ್ ಫೈಲು, ಆಚೆ ಕಡೆಯ ರೌಟರಿನೊಳಗಿನ ಸೆಷನ್. ಇವು ಯಾರ ಮನೆಯ ಕಸ ಅಂತ ಕರ್ನಲ್ಲಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಸತ್ತ ಪ್ರಾಸೆಸ್ಸಿಗೆ ಮಾತ್ರ. ನೆಟ್‌ವರ್ಕ್ ಟೆಸ್ಟಿಂಗಿನಲ್ಲಿ ಕೆಲಸದ ಮುಕ್ಕಾಲು ಪಾಲು ಇಂಥದ್ದೇ, ಪ್ರಾಸೆಸ್ಸಿನ ಹೊರಗೆ ಮಾಡೋದು. ಅದಕ್ಕೇ 9ರ ಚಟ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ದುಬಾರಿ.

ಇಷ್ಟೇ ಆಗಿದ್ದರೆ ನಾನು ಒಂದು ಪ್ಯಾಚ್ ಬರೆದು ಸುಮ್ಮನಾಗ್ತಿದ್ದೆ. ಸಿಟ್ಟು ಬಂದದ್ದು ಇನ್ನೊಂದಕ್ಕೆ.

ಮೊದಲು ಸಿಕ್ಕಿಹಾಕಿಕೊಂಡ ಟೆಸ್ಟು ಯಾಕೆ ಸಿಕ್ಕಿಹಾಕಿಕೊಳ್ತು? ಅದನ್ನು ಯಾರೂ ಕೇಳಿರಲಿಲ್ಲ. ಯಾಕಂದರೆ ಉತ್ತರ ಹುಡುಕೋಕೆ ಏನೂ ಉಳಿದಿರಲಿಲ್ಲ. ಟಿಸಿಪಿಡಂಪ್ ಬರೆದ ಫೈಲ್ ತೆರೆದರೆ ಸೊನ್ನೆ ಬೈಟು. ಫ್ರೇಮ್‌ವರ್ಕು ಟಿಸಿಪಿಡಂಪ್ ಅನ್ನು ತಾನೇ ಶುರುಮಾಡ್ತಿತ್ತು, ಟೈಮೌಟ್ ಆದಾಗ ಅದಕ್ಕೂ 9 ಹೊಡೀತಿತ್ತು. ಟಿಸಿಪಿಡಂಪ್ ಪ್ರತಿ ಪ್ಯಾಕೆಟ್ಟಿಗೂ ಡಿಸ್ಕಿಗೆ ಓಡೋದಿಲ್ಲ. ಬಫರಿನಲ್ಲಿ ಸೇರಿಸಿಕೊಂಡು, ತುಂಬಿದಾಗ ಬರೆಯುತ್ತೆ. ನಾವು ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟ್ ಮಾತ್ರ ಹಿಡೀತಿದ್ದೆವು. ಸಿಕ್ಕಿಹಾಕಿಕೊಂಡ ಟೆಸ್ಟಿನಲ್ಲಿ ಪ್ಯಾಕೆಟ್ಟುಗಳೇ ಕಡಿಮೆ. ಬಫರ್ ತುಂಬಲೇ ಇಲ್ಲ. 15 ಕಳಿಸಿದ್ದರೆ ಅದು ಉಳಿದದ್ದನ್ನು ಬರೆದು, ಇಷ್ಟು ಪ್ಯಾಕೆಟ್ ಹಿಡಿದೆ ಅಂತ ಲೆಕ್ಕ ಒಪ್ಪಿಸಿ ಹೋಗ್ತಿತ್ತು. ನಾವು ಹೊಡೆದದ್ದು ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತನನ್ನೇ.

ರಜೆಗೆ ಬಂದಿದ್ದ ಗೆಳೆಯನನ್ನು ನೋಡೋಕೆ ಆ ಭಾನುವಾರ ಭಟ್ಕಳಕ್ಕೆ ಹೋಗಿದ್ದೆ. ಅವನು ದುಬೈನಲ್ಲಿ ನೆಟ್‌ವರ್ಕ್ ಕಾಯುವ ಕೆಲಸದಲ್ಲಿದ್ದಾನೆ, ರಾತ್ರಿ ಪಾಳಿಯಲ್ಲಿ ಕೆಂಪು ದೀಪ ನೋಡಿ ನೋಡಿ ಪಳಗಿದವನು. ಕತೆ ಪೂರ್ತಿ ಕೇಳಿ, ಚಾ ಗ್ಲಾಸ್ ಕೆಳಗಿಟ್ಟು ಒಂದೇ ಮಾತು ಅಂದ: 'ಸತ್ತವನ ಹತ್ರ ಮರಣ ಕಾಲದ ಹೇಳಿಕೆ ತಗೊಳ್ಳೋಕಾಗುತ್ತಾ ಮಾರಾಯಾ? ಜೀವ ಇರುವಾಗಲೇ ಕೇಳ್ಬೇಕು.'

ನನ್ನ ವಾದವೂ ಇಷ್ಟೇ. ಟೈಮೌಟ್ ಅಂದರೆ ಟೆಸ್ಟಿನ ಸೋಲಲ್ಲ. ಇಡೀ ರಾತ್ರಿಯ ಓಟದಲ್ಲಿ ನಿಜವಾಗಿ ಏನೋ ನಡೆದ ಏಕೈಕ ಗಳಿಗೆ ಅದು. ಹಸಿರಾದ 139 ಟೆಸ್ಟು ನಮಗೆ ಗೊತ್ತಿದ್ದದ್ದನ್ನೇ ಹೇಳ್ತವೆ. ಸಿಕ್ಕಿಹಾಕಿಕೊಂಡ ಒಂದು ಮಾತ್ರ ಗೊತ್ತಿಲ್ಲದ್ದನ್ನು ಹೇಳೋಕೆ ಬಾಯಿ ತೆರೆದಿದೆ. ಆ ಹೊತ್ತಿಗೆ ಸರಿಯಾಗಿ ನಾವು ಅದರ ಕುತ್ತಿಗೆ ಒತ್ತಿ, ರಿಪೋರ್ಟಿನಲ್ಲಿ 'ಟೈಮೌಟ್' ಅನ್ನೋ ಒಂದು ಪದ ಬರೆದು ಮುಂದೆ ಹೋಗ್ತೀವಿ. ಆಮೇಲೆ 'ಈ ಟೆಸ್ಟು ನಂಬೋ ಹಾಗಿಲ್ಲ' ಅಂತ ಅದರ ಮೇಲೇ ಗೂಬೆ ಕೂರಿಸ್ತೀವಿ.

ನಾನು 9 ತೆಗೆದು 15 ಹಾಕಿದೆ. ನಾಲ್ಕನೇ ರಾತ್ರಿ ಅದೇ ಟೆಸ್ಟು ಮತ್ತೆ ಸಿಕ್ಕಿಕೊಂಡಿತು. ಈ ಸಲ ಫೈಲಿನಲ್ಲಿ ಪ್ಯಾಕೆಟ್ಟುಗಳಿದ್ದವು. ನೋಡಿದರೆ ಒಂದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ, ಪ್ರತಿ ಸಲ ಎರಡು ಪಟ್ಟು ಹೊತ್ತು ಕಾದು ಕಳಿಸ್ತಿದೆ, ಆಚೆಯಿಂದ ಸದ್ದಿಲ್ಲ. ಸಣ್ಣ ಪ್ಯಾಕೆಟ್ಟುಗಳೆಲ್ಲ ಸಲೀಸಾಗಿ ಹೋಗಿವೆ. ಈ ವಿದ್ಯೆ ಬಲ್ಲವರಿಗೆ ಇಷ್ಟರಲ್ಲೇ ಗೊತ್ತಾಗುತ್ತೆ. ಈಥರ್ನೆಟ್ಟಿನಲ್ಲಿ 1500 ಬೈಟಿನ ಪ್ಯಾಕೆಟ್ ಹಿಡಿಸುತ್ತೆ, ಪಿಪಿಪಿಓಇ ತನ್ನ ಪಾಲಿಗೆ 8 ಬೈಟ್ ತಿನ್ನೋದರಿಂದ ಅಲ್ಲಿ 1492 ಮಾತ್ರ. ದೊಡ್ಡದು ಬಂದರೆ ರೌಟರು 'ಹಿಡಿಸಲ್ಲ, ಸಣ್ಣದು ಮಾಡಿ ಕಳಿಸು' ಅಂತ ಕಳಿಸಿದವನಿಗೆ ಐಸಿಎಂಪಿ ಸಂದೇಶ ಕೊಡಬೇಕು. ನಮ್ಮ ಹೊಸ ಫರ್ಮ್‌ವೇರು ಕೆಲವು ಸಲ ಕೊಡ್ತಿರಲಿಲ್ಲ, ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗ್ತಿತ್ತು. ಪರಿಣಾಮ? ಮೆಸೇಜು ಹೋಗುತ್ತೆ, ಪಿಂಗ್ ಆಗುತ್ತೆ, ಆದರೆ ಫೋಟೊ ಕಳಿಸೋಕೆ ಹೋದರೆ ಚಕ್ರ ತಿರುಗ್ತಾ ಇರುತ್ತೆ. ಪ್ರಾಯೋಗಿಕವಾಗಿ ಆ ಫರ್ಮ್‌ವೇರ್ ಹಾಕಿಸಿಕೊಂಡಿದ್ದ ಕೆಲವು ಮನೆಗಳಿಂದ ಇದೇ ದೂರು ಎರಡು ವಾರದಿಂದ ಬರ್ತಾ ಇತ್ತು. ಅವರಿಗೆ ಕೊಡುತ್ತಿದ್ದ ಉತ್ತರ: 'ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್.' ಅಲ್ಲೂ ಒಂಬತ್ತೇ!

ಈಗ ಎದುರು ಪಕ್ಷ. ಮೊದಲನೆಯದು, 'ಎಲ್ಲ ಕಂಟೇನರಿನಲ್ಲೇ ಓಡೋದು, ಮುಗಿದ ಮೇಲೆ ಎಸೀತೀವಿ, ಕ್ಲೀನ್ ಮಾಡೋದ್ಯಾಕೆ?' ಸ್ವಾಮೀ, ರೌಟರು ನಿಮ್ಮ ಕಂಟೇನರಿನೊಳಗೆ ಇಲ್ಲ. ಅದು ಲ್ಯಾಬಿನ ರ‍್ಯಾಕಿನಲ್ಲಿದೆ, ಅದರ ನೆನಪು ಅದರದು. ಇನ್ನು ಕೆಲವರು 'ಕಂಟೇನರಿನಲ್ಲಿ ಸಿಗ್‌ಟರ್ಮ್ ಕೆಲಸವೇ ಮಾಡಲ್ಲ, ಅದಕ್ಕೇ 9' ಅಂತಾರೆ. ಕೆಲಸ ಮಾಡಲ್ಲ, ಯಾಕಂದರೆ ನಿಮ್ಮ ಸ್ಕ್ರಿಪ್ಟು ಅಲ್ಲಿ ಪಿಐಡಿ 1 ಆಗಿ ಕೂತಿದೆ. ಪಿಐಡಿ 1 ತಾನಾಗಿ ಕಿವಿಗೊಡದಿದ್ದರೆ ಕರ್ನಲ್ ಅದಕ್ಕೆ 15 ಮುಟ್ಟಿಸೋದೇ ಇಲ್ಲ. ಡಾಕರ್ ಸ್ಟಾಪ್ ಅಂತ ಕೊಟ್ಟು 10 ಸೆಕೆಂಡ್ ಕಾಯ್ತೀರಲ್ಲ, ಅದು ಇದಕ್ಕೇ. ಟಿನಿಯಂಥ ಪುಟ್ಟ ಇನಿಟ್ ಒಂದನ್ನು ಮುಂದೆ ಕೂರಿಸಿದರೆ ಸರಿಹೋಗುತ್ತೆ. ಬ್ಯಾಶ್‌ನದೂ ಒಂದು ತಕರಾರಿದೆ: ಅದು ಮುಂದೆ ಒಂದು ಕಮಾಂಡ್ ಓಡಿಸ್ತಾ ಕಾಯ್ತಿರುವಾಗ 15 ಬಂದರೆ, ಆ ಕಮಾಂಡ್ ಮುಗಿಯೋವರೆಗೆ ಟ್ರ್ಯಾಪ್ ಓಡಿಸಲ್ಲ. ಹಾಗಾಗಿ ಸಿಗ್ನಲ್ಲನ್ನು ಸ್ಕ್ರಿಪ್ಟಿಗೆ ಮಾತ್ರ ಅಲ್ಲ, ಇಡೀ ಪ್ರಾಸೆಸ್ ಗುಂಪಿಗೆ ಕಳಿಸಬೇಕು. ಮನೆ ಯಜಮಾನನಿಗೊಬ್ಬನಿಗೇ ಹೇಳಿದರೆ ಸಾಲದು.

ಎರಡನೆಯದು, 'ಸಮಯ ಹಾಳು.' ಲೆಕ್ಕ ಹಾಕೋಣ. ಟೈಮೌಟ್ ಆದ ಟೆಸ್ಟಿಗೆ ಮಾತ್ರ 10 ಸೆಕೆಂಡ್ ಹೆಚ್ಚು ಕೊಡ್ತೀವಿ. ಲೋಕವೇ ಮುಳುಗಿ 140ಕ್ಕೆ 140 ಟೆಸ್ಟು ಟೈಮೌಟ್ ಆದರೂ 1400 ಸೆಕೆಂಡ್, ಇಪ್ಪತ್ತಮೂರು ಚಿಲ್ಲರೆ ನಿಮಿಷ. ಮಾಮೂಲಿ ರಾತ್ರಿ ಒಂದೋ ಎರಡೋ ಟೆಸ್ಟು, ಇಪ್ಪತ್ತು ಸೆಕೆಂಡು. ಇದನ್ನು ಉಳಿಸೋಕೆ ಹೋಗಿ ನಾವು ಕಳೆದದ್ದು ಮೂರು ವಾರ. ಬೇರೆಯವರು ಎಷ್ಟು ಕಾಯ್ತಾರೆ ನೋಡಿ. ಕುಬರ್ನೆಟೀಸ್ 15 ಕಳಿಸಿ 30 ಸೆಕೆಂಡ್ ಕೊಡುತ್ತೆ, ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್. ಲಿನಕ್ಸ್ ಕರ್ನಲ್ಲಿನದೇ ಸೆಲ್ಫ್‌ಟೆಸ್ಟುಗಳಿಗೆ ಬೇರೆ ಹೇಳದಿದ್ದರೆ 45 ಸೆಕೆಂಡಿನ ಗಡುವು, ಅದನ್ನು ಕಾಯೋದು ಮಾಮೂಲಿ ಟೈಮೌಟ್ ಕಮಾಂಡು, ಅದು ಮೊದಲು ಕಳಿಸೋದೂ 15ನ್ನೇ. ಲೋಕದ ಸರ್ವರುಗಳನ್ನೆಲ್ಲ ನಡೆಸುವವರಿಗೆ ಪುರಸೊತ್ತಿದೆ, ನಮ್ಮ 140 ಟೆಸ್ಟಿಗೆ ಇಲ್ಲ!

ಮೂರನೆಯದು ಸ್ವಲ್ಪ ಗಟ್ಟಿ ವಾದ. 2003ರಲ್ಲಿ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ 'ಕ್ರ್ಯಾಶ್-ಓನ್ಲಿ ಸಾಫ್ಟ್‌ವೇರ್' ಅಂತ ಒಂದು ಪ್ರಬಂಧ ಬರೆದರು. ಸಾಫ್ಟ್‌ವೇರ್ ಹೇಗೂ ಒಂದಿನ ಕ್ರ್ಯಾಶ್ ಆಗುತ್ತೆ, ಹಾಗಾಗಿ ನಿಲ್ಲಿಸೋಕೆ ಬೇರೆ ದಾರಿಯೇ ಬೇಡ, ಕ್ರ್ಯಾಶ್‌ನಿಂದ ಎದ್ದು ನಿಲ್ಲೋ ಶಕ್ತಿ ಇದ್ದರೆ ಸಾಕು ಅನ್ನೋದು ಅದರ ತಿರುಳು. ನಮ್ಮ ಟೀಮಿನ ಹಿರಿಯರೊಬ್ಬರು ಇದನ್ನೇ ಮುಂದಿಟ್ಟರು. ಪ್ರಬಂಧ ಒಳ್ಳೇದೇ. ಅದರ ಪಾಠ ಅರ್ಧ ನಾವೂ ತಗೊಂಡ್ವಿ. ಈಗ ಪ್ರತಿ ಟೆಸ್ಟು ಶುರುವಾಗುವ ಮುಂಚೆ ಹಳೇ ನೆಟೆಮ್, ಹಳೇ ಐಪರ್ಫ್ ಇವೆಯಾ ಅಂತ ನೋಡಿ ಗುಡಿಸ್ತೀವಿ. ಆದರೆ ಅದು ಎದ್ದು ನಿಲ್ಲುವ ಮಾತು. ಬಿದ್ದದ್ದು ಯಾಕೆ ಅನ್ನೋದಕ್ಕೆ ಸಾಕ್ಷಿ ಉಳಿಸುವ ಮಾತಲ್ಲ. ಅಂಗಡಿಗೆ ಬಿದ್ದ ಬೆಂಕಿ ಆರಿಸಿ ಮರುದಿನ ಅಂಗಡಿ ತೆರೆಯೋದೂ ಬೆಂಕಿ ಹೇಗೆ ಬಿತ್ತು ಅಂತ ತಿಳಿಯೋದೂ ಒಂದೇ ಅಲ್ಲ. ನಮ್ಮದು ಅಂಗಡಿಯೂ ಅಲ್ಲ. ಟೆಸ್ಟ್ ಫ್ರೇಮ್‌ವರ್ಕ್ ಇರೋದೇ ಬೆಂಕಿ ಹೇಗೆ ಬೀಳುತ್ತೆ ಅಂತ ನೋಡೋಕೆ.

9 ಹೊಡೆಯಲೇಬಾರದು ಅಂತ ನಾನು ಹೇಳ್ತಿಲ್ಲ. ನಿಜಕ್ಕೂ ಕಿವಿ ಕೇಳಿಸದ ಪ್ರಾಸೆಸ್ಸುಗಳಿವೆ. ಡಿಸ್ಕಿಗೋ ಡ್ರೈವರಿಗೋ ಕಾಯುತ್ತಾ 'ಡಿ' ಸ್ಥಿತಿಯಲ್ಲಿ ಹೆಪ್ಪುಗಟ್ಟಿದ್ದಕ್ಕೆ 9 ಕೂಡ ಆ ಕ್ಷಣಕ್ಕೆ ತಾಗೋದಿಲ್ಲ. ಅನಂತ ಕಾಲ ಕಾಯೋದು ದಯೆ ಅಲ್ಲ, ದಡ್ಡತನ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ನಾವು ಕಾಲಮಿತಿ ಯಕ್ಷಗಾನ ನೋಡಿದವರು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕಾಲಕ್ಕೆ ಆಟ ಅಂದರೆ ಬೆಳಗಿನವರೆಗೆ. ಈಗ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ, ಅದು 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮ. ಹೋದ ಚಳಿಗಾಲ ಕುಮಟಾದಲ್ಲಿ ಒಂದು ಆಟ ನೋಡ್ತಿದ್ದೆ. ಭೀಮ ಗದೆ ಎತ್ತಿದ್ದಾನೆ, ಗಂಟೆ ಒಂಬತ್ತೂಮುಕ್ಕಾಲು. ಸಂಘಟಕರಲ್ಲೊಬ್ಬರು ರಂಗದ ಪಕ್ಕ ಬಂದು ಭಾಗವತರಿಗೆ ಕೈಸನ್ನೆ ಮಾಡಿದರು. ಭಾಗವತರು ತಲೆ ಕೂಡ ಎತ್ತಲಿಲ್ಲ. ನಡುವಿನ ನಾಲ್ಕು ಪದ್ಯ ಹಾರಿಸಿದರು, ಚೆಂಡೆಯವನಿಗೆ ಕಣ್ಣಲ್ಲೇ ಹೇಳಿದರು. ಭೀಮನಿಗೆ ತಾಳದಲ್ಲೇ ಅರ್ಥವಾಯ್ತು, ಹತ್ತು ನಿಮಿಷದ ಮಾತು ಎರಡು ನಿಮಿಷಕ್ಕೆ ಇಳೀತು. ದುರ್ಯೋಧನ ಬೀಳುವ ಹೊತ್ತಿಗೆ ಬಿದ್ದ. ಮಂಗಳ ಹಾಡಿದರು. ಹತ್ತಕ್ಕೆ ಮೈಕ್ ಬಂದ್. ಕಾನೂನಿಗೆ ಕಾನೂನೂ ಆಯ್ತು, ಕತೆಗೆ ಕತೆಯೂ ಮುಗೀತು. ಸನ್ನೆ ಮಾಡುವ ಬದಲು ಮೈಕಿನವನು ಪ್ಲಗ್ ಕಿತ್ತಿದ್ದರೆ? ಕತ್ತಲಲ್ಲಿ ಭೀಮ ಗದೆ ಎತ್ತಿಕೊಂಡೇ ನಿಂತಿರ್ತಿದ್ದ, ದುರ್ಯೋಧನ ಸತ್ತನೋ ಬಿಟ್ಟನೋ ಯಾರಿಗೂ ಗೊತ್ತಿಲ್ಲ. ಆದರೆ ಪ್ಲಗ್ ಕೀಳುವ ಹಕ್ಕು ಮೈಕಿನವನಿಗೆ ಇರಲೇಬೇಕು ಅನ್ನೋದೂ ನಿಜ. ಭಾಗವತರು ಸನ್ನೆ ನೋಡಿಯೂ ಹಾಡ್ತಾನೇ ಇದ್ದರೆ ಪೊಲೀಸರಿಗೆ ಉತ್ತರ ಹೇಳುವವನು ಅವನಲ್ಲವಲ್ಲ, ಸಂಘಟಕ.

ನನ್ನ ಪ್ಯಾಚು ಈಗ ಮಾಡೋದು ಇದನ್ನೇ. ಸಮಯ ಮುಗಿದ ತಕ್ಷಣ ಯಾರನ್ನೂ ಮುಟ್ಟೋದಿಲ್ಲ. ಮೊದಲು ಯಾವ ಪ್ರಾಸೆಸ್ ಎಲ್ಲಿ ನಿಂತಿದೆ, ಯಾವ ಸಾಕೆಟ್ಟು ಏನು ಕಾಯ್ತಿದೆ ಅಂತ ಒಂದು ಚಿತ್ರ ತೆಗೆದಿಡುತ್ತೆ. ಆಮೇಲೆ ಗುಂಪಿಗೇ 15. ಹತ್ತು ಸೆಕೆಂಡ್ ಕಾಯುತ್ತೆ. ಇನ್ನೂ ಉಳಿದವರಿಗೆ 9. ತಾನಾಗಿ ಹೋಯಿತೋ ಹೊಡೆದು ಕಳಿಸಿದ್ದೋ ಅನ್ನೋದನ್ನು ರಿಪೋರ್ಟಿನಲ್ಲಿ ಬೇರೆ ಬೇರೆಯಾಗಿ ಬರೆಯುತ್ತೆ. ಟೈಮೌಟ್ ಕಮಾಂಡ್ ಗಡುವು ಮೀರಿದ್ದಕ್ಕೆ 124, 9 ಹೊಡೆಯಬೇಕಾಗಿ ಬಂದದ್ದಕ್ಕೆ 137 ಅಂತ ಬೇರೆ ಬೇರೆ ಕೋಡ್ ಕೊಡೋದು ಸುಮ್ಮನೆ ಅಲ್ಲ. 9 ಬೇಕಾಯ್ತು ಅನ್ನೋದೇ ಒಂದು ಸುದ್ದಿ. ಒಟ್ಟು ಮೂವತ್ತು ಸಾಲಿನ ಕೋಡು. ಪೈಥಾನಿನಲ್ಲಿ ಬರೆಯುವವರು ಒಂದು ನೆನಪಿಡಿ: ಸಬ್‌ಪ್ರಾಸೆಸ್ ಲೈಬ್ರರಿಯ ರನ್‌ಗೆ ಟೈಮೌಟ್ ಕೊಟ್ಟರೆ ಅದು ಲಿನಕ್ಸಿನಲ್ಲಿ ನಿಮ್ಮ ಪರವಾಗಿ ಸೀದಾ 9 ಹೊಡೆಯುತ್ತೆ, ಅದೂ ಮಗುವಿಗೆ ಮಾತ್ರ, ಮೊಮ್ಮಕ್ಕಳಿಗಲ್ಲ. ನಾನು ಇದನ್ನು ಗಮನಿಸಿದ್ದು ಹತ್ತು ವರ್ಷ ಪೈಥಾನ್ ಬರೆದ ಮೇಲೆ.

ಪ್ಯಾಚು ರಿವ್ಯೂಗೆ ಹೋದಾಗ ಬಂದ ಮೊದಲ ಕಾಮೆಂಟ್: 'ಒಂದು ಸಾಲಿನಲ್ಲಿ ಆಗ್ತಿದ್ದದ್ದಕ್ಕೆ ಮೂವತ್ತು ಸಾಲು ಯಾಕೆ?' ಉತ್ತರವಾಗಿ ಆ ಪ್ಯಾಕೆಟ್ ಫೈಲನ್ನು ಲಗತ್ತಿಸಿದೆ. ಹನ್ನೊಂದು ದಿನ ಯಾರೂ ಏನೂ ಹೇಳಲಿಲ್ಲ, ಆಮೇಲೆ ಮರ್ಜ್ ಆಯ್ತು. ಫರ್ಮ್‌ವೇರಿನ ದೋಷ ಸರಿಯಾಯ್ತು. ಹುಡುಗಿಯ ಟೆಸ್ಟುಗಳು ಕ್ವಾರಂಟೈನ್ ಪಟ್ಟಿಯಿಂದ ಹೊರಬರೋಕೆ ಮಾತ್ರ ಇನ್ನೂ ಒಂದು ತಿಂಗಳು ಹಿಡೀತು, ಯಾಕಂದರೆ ಹಾಕೋಕೆ ಒಂದು ಮೆಸೇಜು ಸಾಕಿತ್ತು, ತೆಗೆಯೋಕೆ ಮೂರು ಜನರ ಒಪ್ಪಿಗೆ ಬೇಕಿತ್ತು. ಅಷ್ಟರಲ್ಲಿ ಅಪ್ರೈಸಲ್ ಮುಗಿದಿತ್ತು. ಅವಳ ಫಾರ್ಮಿನಲ್ಲಿ 'ಟೆಸ್ಟುಗಳ ಗುಣಮಟ್ಟ ಸುಧಾರಿಸಬೇಕು' ಅಂತ ಬರೆದದ್ದು ಹಾಗೇ ಇದೆ, ಅದನ್ನು ತಿದ್ದೋಕೆ ಸಿಸ್ಟಮ್ಮಿನಲ್ಲಿ ಅವಕಾಶ ಇಲ್ಲವಂತೆ. ನಾನು ಎರಡು ಸಲ ಮೇಲ್ ಬರೆದೆ. ನಾಳೆ ಮೂರನೆಯದು ಬರೀತೀನಿ, ಪ್ಯಾಕೆಟ್ ಫೈಲನ್ನೂ ಲಗತ್ತಿಸಿ.